ಧೈರ್ಯವೂ ಒಂದು ದಾಸೋಹ



ಎಳ್ಳ ಅಮಾವಾಸ್ಯೆ ಎಂದರೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ರೈತನಿಗೆ ದೊಡ್ಡ ಹಬ್ಬ. ಹಿಂದಿನ ದಿನವೇ ತಾಯಂದಿರು ಸಜ್ಜೆಯ ರೊಟ್ಟಿ, ಸಜ್ಜೆಯ ಕಡಬು, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ ಎಲ್ಲವನ್ನೂ ಸಿದ್ಧಪಡಿಸುತ್ತಾರೆ. ಬೆಳಗಾದರೆ ಬುತ್ತಿ ಹೊತ್ತು ಮನೆಮಂದಿಯೆಲ್ಲ ಹೊಲದ ಹಾದಿ ಹಿಡಿಯುತ್ತಾರೆ. ಹೊಲದಲ್ಲಿ ಪೂಜೆ ಮಾಡಿ, ಮಾಡಿದ ಅಡಿಗೆಯಲ್ಲಿ ಮೊದಲ ಪಾಲನ್ನು ಭೂತಾಯಿಗೆ ಎಂದು ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ಆಮೇಲೆ ಬಂದವರನ್ನೆಲ್ಲ ಕರೆದು ಕೂಡಿಸಿ ಉಣ್ಣುತ್ತಾರೆ. ಆ ದಿನ ಯಾರ ಹೊಲದಲ್ಲಿಯೂ ಯಾರೂ ಪರಕೀಯರಲ್ಲ.

2022ರ ಡಿಸೆಂಬರ್ ತಿಂಗಳಿನಲ್ಲಿ ಆ ಹಬ್ಬ ಬಂದಾಗ ನಮ್ಮ ಭಾಗದ ತೊಗರಿಯ ಹೊಲಗಳಲ್ಲಿ ನಗೆ ಇರಲಿಲ್ಲ. ಹೂವು, ಕಾಯಿ ಹಿಡಿದು ನಿಂತಿದ್ದ ಗಿಡಗಳು ನೆಟೆ ರೋಗಕ್ಕೆ ಸಿಕ್ಕಿ ನಿಂತಲ್ಲೇ ಒಣಗಿದ್ದವು. ಅಂಥ ದಿನಗಳಲ್ಲಿ, ಹಬ್ಬದ ಮುಂಚಿನ ದಿನ ಕುರಕುಂಟಾದ ಆಚೆಯ ಒಂದು ಹಳ್ಳಿಯಿಂದ ಒಬ್ಬ ರೈತ ನಮ್ಮ ಬಳಿಗೆ ಬಂದ. ನಮಸ್ಕರಿಸಿ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದ:

"ಅಪ್ಪಾರ, ಹೊಲ ಎಲ್ಲಾ ಒಣಗಿ ಹೋಗ್ಯಾದ್ರಿ. ಇಂಥ ಹೊಲಕ್ಕ ಚರಗ ಯಾಕ ಚೆಲ್ಲಬೇಕ್ರಿ?"

ನಾವು ಉತ್ತರ ಕೊಟ್ಟೆವು. ಸುಖದುಃಖಗಳು ಗಾಲಿಯಂತೆ ತಿರುಗುತ್ತವೆ ಎಂದೆವು. ಶರಣರು ಪಟ್ಟ ಕಷ್ಟಗಳನ್ನು ಹೇಳಿದೆವು. ಶಿವನ ಮೇಲೆ ಭಾರ ಹಾಕು ಎಂದೆವು. ಸುಮಾರು ಅರ್ಧ ತಾಸು ನಮ್ಮ ಮಾತು ನಡೆಯಿತು. ಆತ ತಲೆ ತಗ್ಗಿಸಿ ಕೇಳಿದ, ಮತ್ತೆ ನಮಸ್ಕರಿಸಿದ, ಎದ್ದು ಹೊರಟ. ನಮ್ಮ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಮಾತು ಆತನನ್ನು ಮುಟ್ಟಿರಲಿಲ್ಲ ಎಂಬುದು ನಮಗೆ ಆಗ ತಿಳಿಯಲಿಲ್ಲ.

ಮಠದ ದಾಸೋಹದಲ್ಲಿ ರೊಟ್ಟಿ ಬಡಿಯುವ ಒಬ್ಬ ಮುದುಕಿ ಇದ್ದಾಳೆ. ಓದು ಬರಹ ಕಲಿತವಳಲ್ಲ. ಆತ ಅಂಗಳ ದಾಟುವಾಗ ಆಕೆ ತಡೆದಳು. "ಉಂಡೀಯೇನೋ ತಮ್ಮಾ?" ಎಂದು ಕೇಳಿದಳು. ಆತ ಸುಮ್ಮನೆ ನಿಂತ. ಹಿಂದಿನ ದಿನದಿಂದ ಆತ ಏನೂ ತಿಂದಿರಲಿಲ್ಲ. ಆಕೆ ಕೈ ಹಿಡಿದು ಕೂಡಿಸಿ, ಎರಡು ಬಿಸಿ ರೊಟ್ಟಿ ನೀಡಿ, ಉಣ್ಣುವ ತನಕ ಎದುರಿಗೇ ಕುಳಿತಳು. ಉಂಡ ಮೇಲೆ ಆತ ಅದೇ ಪ್ರಶ್ನೆಯನ್ನು ಆಕೆಗೂ ಕೇಳಿದನಂತೆ. ಆಕೆ ಹೇಳಿದ್ದು ಇಷ್ಟೇ:

"ಹೊಲ ಏನ್ ತಪ್ಪು ಮಾಡ್ಯಾದೋ ತಮ್ಮಾ? ಅದಕ್ಕ ಜಡ್ಡು ಬಂದಾದ. ಜಡ್ಡಾದ ಕೂಸಿಗಿ ಅವ್ವ ಉಣಸೋದು ಬಿಡ್ತಾಳೇನು?"

ಆತ ಅಲ್ಲಿಯೇ ಅತ್ತ. ಮರುದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಒಣಗಿದ ಸಾಲುಗಳ ನಡುವೆಯೇ ಚರಗ ಚೆಲ್ಲಿದ. ಎಷ್ಟೋ ತಿಂಗಳ ನಂತರ ಆತ ಮತ್ತೆ ಮಠಕ್ಕೆ ಬಂದಾಗ, "ಆ ದಿನ ಮನಸಿನ್ಯಾಗ ಬ್ಯಾರೇನೇ ಇತ್ರಿ ಅಪ್ಪಾರ, ಹೇಳಬಾರದ್ದು ಇತ್ತು" ಎಂದು ಬಾಯಿಬಿಟ್ಟ. ಅರ್ಧ ತಾಸಿನ ನಮ್ಮ ಉಪದೇಶದಿಂದ ಆಗದ ಕೆಲಸ ಎರಡು ರೊಟ್ಟಿಯಿಂದ, ಎರಡು ಮಾತಿನಿಂದ ಆಗಿತ್ತು. ಅಂದಿನಿಂದ ನಾವು ಯಾರೇ ದುಃಖ ಹೇಳಿಕೊಂಡು ಬಂದರೂ ಮೊದಲು ಪ್ರಸಾದ, ಆಮೇಲೆ ಮಾತು ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇವೆ.

ಆ ಮುದುಕಿಯ ಮಾತಿನಲ್ಲಿ ಮೂರು ಸಂಗತಿಗಳಿವೆ. ಹಸಿದವನನ್ನು ಕಂಡು ಕರೆದದ್ದು ದಯೆ. ಒಣಗಿದರೂ ಹೊಲವನ್ನು ಮರೆಯಬೇಡ ಎಂದದ್ದು ಉಪಕಾರ ಸ್ಮರಣೆ. ಜಡ್ಡು ಬಂದದ್ದು ವಾಸಿಯಾದೀತು ಎಂಬುದು ಆತ್ಮವಿಶ್ವಾಸ. ದಿನನಿತ್ಯದ ಬಾಳಿಗೆ ಬೇಕಾದ ಧೈರ್ಯ ಈ ಮೂರರಿಂದ ಹುಟ್ಟುತ್ತದೆ. ಇಂದು ಅವುಗಳನ್ನೇ ಕುರಿತು ನಾಲ್ಕು ಮಾತು ಚಿಂತಿಸೋಣ.

ದಯೆ: ಹಕ್ಕಿಗೆ ಬಿಟ್ಟ ಪಾಲು

ಧರ್ಮದ ಬೇರು ಎಲ್ಲಿದೆ ಎಂದು ಹುಡುಕಿದಾಗ ಬಸವಣ್ಣನವರು ಅದನ್ನು ದಯೆಯಲ್ಲಿ ಕಂಡರು. ಸಕಲ ಜೀವಿಗಳ ಮೇಲೂ ಆ ದಯೆ ಹರಿಯಬೇಕೆಂದರು. ಈ ತತ್ವವನ್ನು ಹೊಲದಲ್ಲಿ ನಿಂತು ಆಚರಿಸಿ ತೋರಿಸಿದ ಮಹಾತ್ಮರು ನಮ್ಮ ನಾಡಿನವರೇ ಆದ ಕಲಬುರಗಿಯ ಶರಣಬಸವೇಶ್ವರರು. 1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿದ ಶರಣರು ಒಕ್ಕಲುತನದ ಮನೆಯವರು. ಜೋಳ ಹಾಲುಗಾಳಾಗುವ ಹೊತ್ತಿಗೆ ಊರಿನವರೆಲ್ಲ ಕವಣೆ ಹಿಡಿದು ಹಕ್ಕಿ ಓಡಿಸುತ್ತಿದ್ದರೆ, ಶರಣರು ಹಕ್ಕಿಗಳನ್ನು ತಮ್ಮ ಹೊಲಕ್ಕೆ ಕರೆದರು. ತಿಂದ ಹಕ್ಕಿಗೆ ನೀರಡಿಕೆಯಾಗುತ್ತದೆ ಎಂದು ಕುಡಿಯಲು ನೀರನ್ನೂ ಇಟ್ಟರು. ನೋಡಿದವರು ನಕ್ಕರು. ಆದರೆ ರಾಶಿಯ ದಿನ ಅವರ ಕಣದಲ್ಲಿಯೇ ರಾಶಿ ಹೆಚ್ಚಿತ್ತು ಎಂದು ನಮ್ಮ ಹಿರಿಯರು ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ.

ಈ ಕಥೆಯನ್ನು ಕೇಳಿ ಇಂದಿನ ತರುಣರು, "ಹಕ್ಕಿ ತಿಂದರೆ ಬೆಳೆ ಹೆಚ್ಚುವುದು ಹೇಗೆ?" ಎಂದು ಕೇಳುವುದುಂಟು. ಕೇಳಲಿ, ಕೇಳುವುದು ತಪ್ಪಲ್ಲ. ಅವರಿಗೆ ನಾವು ಒಂದು ಸಂಗತಿಯನ್ನು ನೆನಪಿಸುತ್ತೇವೆ. ತೊಗರಿಗೆ ಕಾಯಿಕೊರಕ ಹುಳು ಬಿದ್ದಾಗ, ಹೊಲದಲ್ಲಿ ಅಲ್ಲಲ್ಲಿ ಕವಲು ಕೋಲುಗಳನ್ನು ನೆಡಿರಿ, ಹಕ್ಕಿಗಳು ಬಂದು ಕೂತು ಹುಳುಗಳನ್ನು ಆರಿಸಿ ತಿನ್ನುತ್ತವೆ ಎಂದು ಇಂದಿನ ಕೃಷಿ ವಿಜ್ಞಾನಿಗಳೇ ಹೇಳುತ್ತಾರೆ. ಹಕ್ಕಿಗಳನ್ನು ಕರೆಯಲು ಹೊಲದಲ್ಲಿ ಚುರುಮುರಿ ಚೆಲ್ಲುವ ಪದ್ಧತಿಯೂ ಇದೆ. ಹಕ್ಕಿಗೆ ಹಿಡಿ ಚುರುಮುರಿ ಕೊಟ್ಟವನಿಗೆ ಹಕ್ಕಿ ಬೆಳೆಯನ್ನೇ ಉಳಿಸಿಕೊಡುತ್ತದೆ. ಶರಣರು ಲಾಭವನ್ನು ಎಣಿಸಿ ಹಕ್ಕಿಗೆ ನೀರಿಟ್ಟವರಲ್ಲ ಎಂಬುದು ನಿಜ. ಆದರೆ ಲೆಕ್ಕವಿಲ್ಲದೆ ಮಾಡಿದ ದಯೆ ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ನಮ್ಮ ಹೊಲಗಳೇ ಸಾಕ್ಷಿ ಹೇಳುತ್ತವೆ.

ಮುಂದೆ ಶರಣರು ಕಲಬುರಗಿಗೆ ಬಂದು ದಾಸೋಹವನ್ನೇ ಬಾಳಾಗಿಸಿಕೊಂಡು 1822ರಲ್ಲಿ ಲಿಂಗೈಕ್ಯರಾದರು. ಹೋಳಿ ಹುಣ್ಣಿಮೆಯಾದ ಐದನೆಯ ದಿನ ನಡೆಯುವ ಅವರ ರಥೋತ್ಸವಕ್ಕೆ ನಮ್ಮ ಸೀಮೆಯಿಂದಲೂ ಜನ ಹೋಗುತ್ತಾರೆ. ತೇರಿನ ಮೇಲಿನಿಂದ ಪರುಸ ಬಟ್ಟಲನ್ನು ತೋರಿಸಿದಾಗ ಸಾವಿರಾರು ಕೈಗಳು ಒಮ್ಮೆಲೆ ಮೇಲೇಳುತ್ತವೆ. ಪರುಸವೆಂದರೆ ಕಬ್ಬಿಣವನ್ನು ಬಂಗಾರ ಮಾಡುವ ಕಲ್ಲು ಎಂದು ಜನ ತಿಳಿಯುತ್ತಾರೆ. ಹಸಿದವನ ಬಟ್ಟಲಿಗೆ ಅನ್ನ ಬೀಳುವಂತೆ ಮಾಡಿದ ಕೈಯೇ ನಿಜವಾದ ಪರುಸ ಎಂದು ನಾವು ತಿಳಿಯುತ್ತೇವೆ.

ದಯೆಗೆ ಬಹಳ ಹಣ ಬೇಕಿಲ್ಲ. ಕುರಕುಂಟಾ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದ ಮುದುಕನ ಗಂಟನ್ನು ನಾಲ್ಕು ಹೆಜ್ಜೆ ಹೊತ್ತು ಕೊಟ್ಟರೆ ಅದು ದಯೆ. ಗುಳೆ ಹೋದವರ ಮನೆಯಲ್ಲಿ ಉಳಿದ ವೃದ್ಧರಿಗೆ ಒಂದು ಚಂಬು ನೀರು ತುಂಬಿಕೊಟ್ಟರೆ ಅದು ದಯೆ. ಮಗ ಹೈದರಾಬಾದಿನಲ್ಲಿ, ಮಗಳು ಪುಣೆಯಲ್ಲಿ. ಮನೆಯಲ್ಲಿ ಕಣ್ಣು ಮಂಜಾದ ತಾಯಿ ಒಬ್ಬಳೇ. ಇಂಥ ಮನೆಗಳು ಇಂದು ನಮ್ಮ ಊರೂರಿನಲ್ಲಿ ಇವೆ. ಆ ಬಾಗಿಲಲ್ಲಿ ನಿಂತು "ಹ್ಯಾಂಗಿದ್ದೀ ಅವ್ವಾ?" ಎಂದು ಕೇಳುವುದಕ್ಕೆ ಎಷ್ಟು ಖರ್ಚಾಗುತ್ತದೆ? ಬಂದವರ ಕ್ಷೇಮ ವಿಚಾರಿಸದ ಮನೆಯನ್ನು ಬಸವಣ್ಣನವರು ಮೆಚ್ಚಲಿಲ್ಲ. ಹಾಗೆಯೇ ನೆರೆಯವರ ಕ್ಷೇಮ ವಿಚಾರಿಸದ ಊರನ್ನೂ ಅವರು ಮೆಚ್ಚಲಾರರು.

ಇನ್ನೊಂದು ಮಾತು. ದಯೆಯನ್ನು ಪಡೆಯುವವನಿಗೆ ನಾಚಿಕೆಯಾಗುವಂತೆ ದಯೆ ಮಾಡಬಾರದು. ಕೊಟ್ಟದ್ದನ್ನು ಕಟ್ಟೆಯ ಮೇಲೆ ಕೂತು ಹೇಳಿಕೊಂಡರೆ ಕೊಟ್ಟ ಅನ್ನವೇ ವಿಷವಾಗುತ್ತದೆ. ನಮ್ಮ ಮುದುಕಿ ಆ ರೈತನಿಗೆ, "ನೀನು ಹಸಿದಿದ್ದೀ, ಪಾಪ" ಎಂದು ಹೇಳಲಿಲ್ಲ; "ಉಂಡೀಯೇನೋ ತಮ್ಮಾ?" ಎಂದು ಕೇಳಿದಳು. ತಮ್ಮಾ ಎಂದು ಕರೆದಾಗ ಆತ ಭಿಕ್ಷುಕನಾಗಲಿಲ್ಲ, ಆ ಮನೆಯ ಮಗನಾದ.

ಉಪಕಾರ ಸ್ಮರಣೆ: ಸಾಕು ಎನ್ನುವ ಶಕ್ತಿ

ಎರಡನೆಯದು ಕೃತಜ್ಞತೆ. ನಮ್ಮ ಹಳ್ಳಿಗಳಲ್ಲಿ ಇದನ್ನು "ಉಂಡ ಮನೆಯನ್ನು ನೆನೆಯುವುದು" ಎನ್ನುತ್ತಾರೆ. ಉಂಡ ಮನೆಯ ಜಂತಿ ಎಣಿಸಬಾರದು ಎಂಬುದು ನಮ್ಮ ಹಿರಿಯರ ಎಚ್ಚರಿಕೆ.

ಕೃತಜ್ಞತೆಗೂ ಧೈರ್ಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನೆಯಿರಿ. ಲಿಂಗಸುಗೂರು ಸೀಮೆಯ ಅಮರೇಶ್ವರದವರು ಎನ್ನಲಾಗುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಕಲ್ಯಾಣಕ್ಕೆ ಬಂದು ನೆಲೆಸಿದರು. ಅಂಗಳದಲ್ಲಿ ಬಿದ್ದ ಅಕ್ಕಿಯ ಕಾಳುಗಳನ್ನು ಆಯ್ದು ತಂದು ದಾಸೋಹ ಮಾಡುವುದೇ ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡವರ ಮನೆಗೆ ಹೆಚ್ಚಿಗೆ ಅಕ್ಕಿ ಬಂದರೆ ಯಾರಾದರೂ ಸಂತೋಷಪಡುತ್ತಾರೆ. ಲಕ್ಕಮ್ಮ ಸಂತೋಷಪಡಲಿಲ್ಲ. ಇದು ನಮ್ಮ ಪಾಲಿನದಲ್ಲ, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ನಿತ್ಯದಷ್ಟೇ ಅಕ್ಕಿಯಿಂದ ಶರಣಸಮೂಹವನ್ನೇ ತೃಪ್ತಿಪಡಿಸಿದಳು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗ ವಿಸ್ತಾರವಾಗಿ ಬಂದಿದೆ.

ಇದರ ಮರ್ಮವೇನು? ಇರುವುದನ್ನು ಎಣಿಸಿ ಸಾಕು ಎನ್ನಬಲ್ಲವಳನ್ನು ಯಾರೂ ಹೆದರಿಸಲಾರರು, ಯಾರೂ ಕೊಳ್ಳಲಾರರು. ಇಲ್ಲದ್ದನ್ನೇ ಎಣಿಸುವವನು ಎಲ್ಲರಿಗೂ ಹೆದರುತ್ತಾನೆ. ಪಕ್ಕದವನ ಟ್ರ್ಯಾಕ್ಟರನ್ನು ಕಂಡು ಹೆದರುತ್ತಾನೆ. ಬೀಗರ ಮನೆಯ ಮದುವೆಯನ್ನು ಕಂಡು ಹೆದರುತ್ತಾನೆ. ಆ ಹೆದರಿಕೆಯಿಂದಲೇ ಸಾಲ ಮಾಡುತ್ತಾನೆ. ಮಾಡಿದ ಸಾಲಕ್ಕೆ ಮತ್ತೆ ಹೆದರುತ್ತಾನೆ. ನಮ್ಮ ಬಳಿಗೆ ಬರುವ ಎಷ್ಟೋ ದುಃಖಗಳ ಬೇರು ಹುಡುಕಿದರೆ, ಬೆಳೆ ಸಾಲಕ್ಕಿಂತ ಮದುವೆಯ ಸಾಲವೇ ಮುಂದೆ ನಿಂತಿರುತ್ತದೆ. ಚಪ್ಪರವನ್ನು ನಾಲ್ಕು ಮಂದಿ ನಾಲ್ಕು ದಿನ ಹೊಗಳುತ್ತಾರೆ, ಬಡ್ಡಿಯನ್ನು ಮಾತ್ರ ನಾವೊಬ್ಬರೇ ನಾಲ್ಕು ವರ್ಷ ಕಟ್ಟುತ್ತೇವೆ. ಮಠಗಳಲ್ಲಿ ಸಾಮೂಹಿಕ ವಿವಾಹ ನಡೆಸುವುದು ಈ ಕಾರಣಕ್ಕಾಗಿಯೇ. ಅಲ್ಲಿ ತಾಳಿ ಕಟ್ಟಿಸಿಕೊಂಡ ಹೆಣ್ಣುಮಗಳ ಮಾನವೇನೂ ಕಡಿಮೆಯಾಗುವುದಿಲ್ಲ.

ಕೃತಜ್ಞತೆ ಎಂದರೆ ಅನ್ಯಾಯವನ್ನು ಸಹಿಸಿಕೊಂಡು ಸುಮ್ಮನಿರುವುದು ಎಂದು ಯಾರೂ ತಪ್ಪು ತಿಳಿಯಬಾರದು. ದುಡಿದವನಿಗೆ ಸಲ್ಲುವ ಕೂಲಿ ಉಪಕಾರವಲ್ಲ, ಅದು ಅವನ ಹಕ್ಕು. 2023ರ ಆರಂಭದಲ್ಲಿ ನೆಟೆ ರೋಗದಿಂದ ತೊಗರಿ ಕಳೆದುಕೊಂಡವರಿಗೆ ಹೆಕ್ಟೇರಿಗೆ 10,000 ರೂಪಾಯಿಯಂತೆ ಪರಿಹಾರವನ್ನು ಸರಕಾರ ಪ್ರಕಟಿಸಿದಾಗ, ಕೆಲವು ಹಿರಿಯರು "ನಮಗ್ಯಾಕ್ರಿ ಅದರ ಗೊಡವೆ" ಎಂದು ಕಾಗದಪತ್ರ ಕೊಡಲು ಹಿಂಜರಿದರು. ಅದು ಕೃತಜ್ಞತೆಯಲ್ಲ, ಸಂಕೋಚ. ಸಲ್ಲಬೇಕಾದದ್ದನ್ನು ನೆಟ್ಟಗೆ ನಿಂತು ಕೇಳಬೇಕು. ಸಲ್ಲಬಾರದ್ದನ್ನು ಲಕ್ಕಮ್ಮನಂತೆ ತಿರುಗಿಸಿ ಕೊಡಬೇಕು. ಎರಡೂ ಧರ್ಮವೇ.

ಯಾರನ್ನು ನೆನೆಯಬೇಕು? ಅಕ್ಷರ ಕಲಿಸಿದವರನ್ನು ಮೊದಲು ನೆನೆಯಬೇಕು. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು ಎಂಬುದನ್ನು ಇಂದಿನ ಮಕ್ಕಳಿಗೆ ಹಿರಿಯರೇ ಹೇಳಬೇಕು. ಕನ್ನಡ ಶಾಲೆ ನಡೆಸುವುದೇ ಕಷ್ಟವಾಗಿದ್ದ ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1889ರಲ್ಲಿ ಹುಟ್ಟಿ 1999ರಲ್ಲಿ ಲಿಂಗೈಕ್ಯರಾದ ಆ ಶತಾಯುಷಿಗಳು ಬಡವರ ಮಕ್ಕಳನ್ನು ತಮ್ಮ ಮಕ್ಕಳೆಂದೇ ಸಾಕಿದರು. ಹಾಗೆಯೇ ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಎಂಟನೆಯ ಪೀಠಾಧಿಪತಿಗಳಾಗಿದ್ದ ಶರಣಬಸಪ್ಪ ಅಪ್ಪ ಅವರು ಅನ್ನದಾಸೋಹದ ಜೊತೆಗೆ ಜ್ಞಾನದಾಸೋಹವನ್ನೂ ಬೆಳೆಸಿದರು. 2025ರ ಆಗಸ್ಟ್ ತಿಂಗಳಿನಲ್ಲಿ ಅವರು ಲಿಂಗೈಕ್ಯರಾದಾಗ ಅಂತಿಮ ದರ್ಶನಕ್ಕೆ ಜನಸಾಗರವೇ ಹರಿದು ಬಂತು. ಅಲ್ಲಿ ಕಣ್ಣೀರು ಹಾಕಿದವರಲ್ಲಿ ಅವರ ಶಾಲೆ ಕಾಲೇಜುಗಳಲ್ಲಿ ಕಲಿತು ಬಾಳು ಕಟ್ಟಿಕೊಂಡವರು ಎಷ್ಟೋ ಮಂದಿ. ನೆನೆಯುವ ಮನಸ್ಸಿಗೆ ತಾನು ಒಬ್ಬಂಟಿ ಎಂಬ ಭಾವನೆ ಬರುವುದಿಲ್ಲ. ನನ್ನ ಹಿಂದೆ ಇಷ್ಟು ಮಂದಿ ನಿಂತಿದ್ದರು ಎಂದು ತಿಳಿದವನ ಎದೆ ಸುಲಭವಾಗಿ ಒಡೆಯುವುದಿಲ್ಲ.

ಆತ್ಮವಿಶ್ವಾಸ: ಕೆಲಸ ಹೋದೀತು, ಕಾಯಕ ಹೋಗದು

ಮೂರನೆಯದು ತನ್ನ ಮೇಲೆ ತನಗಿರುವ ನಂಬಿಕೆ. ಕುರಕುಂಟಾದ ಹಿರಿಯರಿಗೆ ಈ ಮಾತನ್ನು ನಾವು ಹೊಸದಾಗಿ ಹೇಳಬೇಕಿಲ್ಲ. ನಮ್ಮ ಕಪ್ಪು ಮಣ್ಣಿನ ಕೆಳಗಿರುವ ಸುಣ್ಣದ ಕಲ್ಲಿನ ಆಧಾರದ ಮೇಲೆ 1972ರಲ್ಲಿ ಇಲ್ಲಿ ಭಾರತೀಯ ಸಿಮೆಂಟ್ ನಿಗಮದ ಕಾರ್ಖಾನೆ ಆರಂಭವಾಯಿತು. ಎತ್ತಿನ ಗಾಡಿಯ ಊರಿಗೆ ಭೋಂಗಾದ ಸದ್ದು ಬಂತು. ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಭಾಷೆಯ ಜನ ಬಂದು ನೆಲೆಸಿದರು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಚಹಾದಂಗಡಿಯಲ್ಲಿ ಕೇಳಿಸತೊಡಗಿದವು. 1990ರ ದಶಕದ ಕೊನೆಗೆ ಆ ಕಾರ್ಖಾನೆಯ ಉತ್ಪಾದನೆ ನಿಂತಿತು.

ಕೆಲಸ ನಿಂತಾಗ ಮನುಷ್ಯನಿಗೆ ಆಗುವ ನೋವು ಸಂಬಳ ನಿಂತದ್ದಷ್ಟೇ ಅಲ್ಲ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. ನಾನು ಯಾರಿಗೂ ಬೇಡವಾದೆನೇ ಎಂಬ ಸಂಶಯ ಇನ್ನೂ ದೊಡ್ಡದು. ಇಂದು ವಾಡಿಯಲ್ಲಿ, ಶಹಾಬಾದಿನಲ್ಲಿ ಫರ್ಸಿ ಕಲ್ಲಿನ ಕೆಲಸ ಕಡಿಮೆಯಾಗಿ ಮನೆಯಲ್ಲಿ ಕುಳಿತ ಕಲ್ಲುಕುಟಿಗನೂ ಇದೇ ಸಂಶಯದಲ್ಲಿ ಬೇಯುತ್ತಾನೆ. ಪದವಿ ಪಡೆದು ನೌಕರಿ ಸಿಗದ ತರುಣನೂ ಇದರಲ್ಲಿಯೇ ಬೇಯುತ್ತಾನೆ.

ಈ ಸಂಶಯಕ್ಕೆ ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ಉತ್ತರ ಅವರ ಹೆಸರುಗಳಲ್ಲಿಯೇ ಇದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು, ಭತ್ತ ಕುಟ್ಟುವವರು, ನೂಲು ತೆಗೆಯುವವರು. ಲೋಕ ಕೀಳೆಂದು ಕರೆದ ಕೆಲಸವನ್ನು ಅವರು ಮುಚ್ಚಿಡಲಿಲ್ಲ. ತಮ್ಮ ಹೆಸರಿನ ಮುಂದೆಯೇ ಇಟ್ಟುಕೊಂಡರು. ನಮ್ಮ ಪಕ್ಕದ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನವರೂ ನೇಕಾರರು. ಜೇಡರ ದಾಸಿಮಯ್ಯ ಎಂದೇ ಎಂಟುನೂರು ವರ್ಷಗಳ ಮೇಲೂ ನಾಡು ಅವರನ್ನು ನೆನೆಯುತ್ತದೆ. ಆ ಕಾಲದ ಶ್ರೀಮಂತರ ಹೆಸರುಗಳು ಮಣ್ಣಾಗಿ ಹೋದವು, ಹಗ್ಗ ಹೊಸೆದವರ ಹೆಸರು ಉಳಿಯಿತು.

ಕೆಲಸ ಮತ್ತು ಕಾಯಕ ಎರಡೂ ಒಂದೇ ಅಲ್ಲ. ಕೆಲಸವನ್ನು ಇನ್ನೊಬ್ಬರು ಕೊಡುತ್ತಾರೆ. ಅವರು ಅದನ್ನು ತೆಗೆಯಲೂಬಹುದು. ಕಾಯಕವು ನಮ್ಮ ಒಳಗಿನಿಂದ ಬರುತ್ತದೆ. ಅದಕ್ಕೆ ಯಾರೂ ಬೀಗ ಹಾಕಲಾರರು. ಕಾರ್ಖಾನೆಯಲ್ಲಿ ಯಂತ್ರ ದುರಸ್ತಿ ಕಲಿತ ಕೈ, ಕಾರ್ಖಾನೆ ನಿಂತ ಮೇಲೆಯೂ ಅದೇ ಕೈ. ಅದು ನೀರೆತ್ತುವ ಮೋಟಾರು ಸರಿಪಡಿಸೀತು, ನಾಲ್ಕು ಹುಡುಗರಿಗೆ ಕೆಲಸ ಕಲಿಸೀತು. ವಯಸ್ಸಾಯಿತೆಂದು ಹೊಲಕ್ಕೆ ಹೋಗಲಾಗದ ಹಿರಿಯರಿಗೂ ಕಾಯಕವಿದೆ. ಯಾವ ಮಳೆಗೆ ಯಾವ ಬೀಜ, ಯಾವ ಮಣ್ಣಿಗೆ ಎಷ್ಟು ಹಸಿ ಎಂಬುದನ್ನು ಮೊಮ್ಮಕ್ಕಳಿಗೆ ಹೇಳುವುದು ಸಣ್ಣ ಕಾಯಕವೇ? ಮನೆಯ ಮೂಲೆಯಲ್ಲಿ ಕೂತ ಅಜ್ಜ ತನ್ನನ್ನು ತಾನು ಭಾರವೆಂದು ತಿಳಿಯಬಾರದು. ಮನೆಯವರೂ ಆತನನ್ನು ಮಾತಾಡಿಸದೆ ಬಿಡಬಾರದು.

ಆದರೆ ಆತ್ಮವಿಶ್ವಾಸವೆಂದರೆ ಕಣ್ಣು ಮುಚ್ಚಿ ನುಗ್ಗುವುದಲ್ಲ. ಮೇಲೆ ಹೇಳಿದ ರೈತನ ಕಥೆಯನ್ನು ಮುಂದುವರಿಸುತ್ತೇವೆ. ಆತ ಚರಗ ಚೆಲ್ಲಿ ಮನೆಯಲ್ಲಿ ಕೂಡಲಿಲ್ಲ. ನೆಟೆ ರೋಗ ಯಾಕೆ ಬರುತ್ತದೆ ಎಂದು ತಿಳಿದವರನ್ನು ಕೇಳಿದ. ಅದು ಮಣ್ಣಿನಲ್ಲಿ ಉಳಿಯುವ ಶಿಲೀಂಧ್ರದಿಂದ ಬರುವ ರೋಗ; ವರ್ಷ ವರ್ಷವೂ ಅದೇ ಹೊಲಕ್ಕೆ ತೊಗರಿಯನ್ನೇ ಬಿತ್ತಿದರೆ ಹೆಚ್ಚುತ್ತದೆ; ನಡುವೆ ಜೋಳ ಬಿತ್ತಿದರೆ ಕಡಿಮೆಯಾಗುತ್ತದೆ; ಬೀಜಕ್ಕೆ ಟ್ರೈಕೋಡರ್ಮಾ ಎಂಬ ಪುಡಿಯನ್ನು ಲೇಪಿಸಿ ಬಿತ್ತಬೇಕು; ರೋಗವನ್ನು ತಡೆದುಕೊಳ್ಳುವ ತಳಿಗಳು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿಯೇ ಬೆಳೆದು ಬಂದಿವೆ ಎಂದು ತಿಳಿದುಕೊಂಡ. ಮರುವರ್ಷ ಅರ್ಧ ಹೊಲಕ್ಕೆ ಜೋಳ ಬಿತ್ತಿದ. ನಾವು ಸಣ್ಣವರಿದ್ದಾಗ ಹಿರಿಯರು ಜೋಳ, ತೊಗರಿ, ಎಳ್ಳು, ಹೆಸರು ಎಲ್ಲವನ್ನೂ ಅಕ್ಕಡಿ ಸಾಲಿನಲ್ಲಿ ಬಿತ್ತುತ್ತಿದ್ದುದು ಸುಮ್ಮನೆ ಅಲ್ಲ. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಮಾನ್ಯತೆ ದೊರೆತಿದೆ. ಜಗತ್ತು ಮೆಚ್ಚುವ ಕಾಳನ್ನು ಬೆಳೆಯುವ ಕೈ ನಮ್ಮದು ಎಂಬ ಅಭಿಮಾನ ನಮಗಿರಬೇಕು. ಕಲಿಯುವುದನ್ನು ಮಾತ್ರ ಬಿಡಬಾರದು. ತಾನು ಮಾಡಬಲ್ಲೆ ಎಂಬ ನಂಬಿಕೆ ಒಂದು ಎತ್ತಾದರೆ, ತಿಳಿದುಕೊಳ್ಳುವ ವಿನಯ ಇನ್ನೊಂದು ಎತ್ತು. ಒಂದೇ ಎತ್ತಿನಿಂದ ಗಳೆ ಹೊಡೆಯಲಾಗದು.

ಮೂರೂ ಕೂಡಿದಾಗ

2020ರ ಅಕ್ಟೋಬರ್ ತಿಂಗಳನ್ನು ಕಾಗಿಣಾ ದಂಡೆಯವರು ಮರೆತಿಲ್ಲ. ನದಿ ಉಕ್ಕಿ ಹೊಲ ಮನೆಗಳಿಗೆ ನುಗ್ಗಿತು. ಮಳಖೇಡ ಎಂದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಅದು. ಅಂಥ ಊರಿನ ಓಣಿಗಳಲ್ಲಿಯೂ ನೀರು ನಿಂತಿತು. ಅಂಥ ದಿನಗಳಲ್ಲಿ ಜಾತಿ ಕೇಳಿ ಕೈ ಹಿಡಿಯುವವರು ಯಾರೂ ಇರುವುದಿಲ್ಲ. ನೀರಿನಲ್ಲಿ ಸಿಕ್ಕವನಿಗೆ ಚಾಚಿದ ಕೈ ಯಾರದು ಎಂಬ ವಿಚಾರ ಬರುವುದಿಲ್ಲ. ನೆರೆ ಇಳಿದ ಮೇಲೆಯೂ ಆ ಮನಸ್ಸು ಇಳಿಯದಂತೆ ನೋಡಿಕೊಳ್ಳುವುದೇ ಧರ್ಮ. ಕಷ್ಟದ ದಿನ ಒಂದಾಗಿ, ಸುಖದ ದಿನ ಬೇರೆಯಾದರೆ ಬಸವಣ್ಣನವರ ಹೆಸರು ಹೇಳಿ ಏನು ಪ್ರಯೋಜನ?

ನಮ್ಮ ಹಿರಿಯರಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಇಂದು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ಅದರಲ್ಲಿ ಮೂರೂ ಗುಣಗಳು ಅಡಗಿದ್ದವು. ನೆರೆಯವನ ಕೆಲಸಕ್ಕೆ ಹೋಗುವುದು ದಯೆ, ಆತ ಬಂದುದನ್ನು ನೆನೆದು ತಿರುಗಿ ಹೋಗುವುದು ಕೃತಜ್ಞತೆ, ಊರೇ ನಮ್ಮ ಬೆನ್ನಿಗಿದೆ ಎಂಬುದು ಆತ್ಮವಿಶ್ವಾಸ. ಹಣ ಕೊಟ್ಟು ಆಳು ಹಿಡಿಯುವ ಕಾಲ ಬಂದ ಮೇಲೆ ಹೊಲದ ಮುಯ್ಯಿ ಕಡಿಮೆಯಾಯಿತು. ಮನಸ್ಸಿನ ಮುಯ್ಯಿಯನ್ನಾದರೂ ಉಳಿಸಿಕೊಳ್ಳೋಣ. ಇಂದು ನೀನು ಕುಗ್ಗಿದ್ದೀ, ನಾನು ನಿನ್ನ ಬಳಿ ಕೂಡುತ್ತೇನೆ. ನಾಳೆ ನಾನು ಕುಗ್ಗಿದಾಗ ನೀನು ಬಾ. ಧೈರ್ಯವೂ ಒಂದು ದಾಸೋಹವೇ. ಇದ್ದವರು ನೀಡಬೇಕು, ಇಲ್ಲದವರು ಕೇಳಬೇಕು, ಕೇಳುವುದಕ್ಕೆ ನಾಚಬಾರದು.

ಅದಕ್ಕಾಗಿ ಭಕ್ತರಲ್ಲಿ ನಮ್ಮದೊಂದು ವಿನಂತಿ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ನಿಮಗೆ ಉಪಕಾರ ಮಾಡಿದ ಒಬ್ಬರ ಹೆಸರನ್ನು ನೆನೆಯಿರಿ. ಬದುಕಿದ್ದರೆ ಆ ವಾರದಲ್ಲಿ ಅವರನ್ನು ಕಂಡು ಮಾತಾಡಿಸಿರಿ. ಹಗಲಿನಲ್ಲಿ ಒಬ್ಬರನ್ನಾದರೂ "ಉಂಡೀರೇನು?" ಎಂದು ಕೇಳಿರಿ. ರಾತ್ರಿ ಮಲಗುವ ಮುಂಚೆ ಆ ದಿನ ನಿಮ್ಮ ಕೈಯಿಂದ ಆದ ಒಂದು ಒಳ್ಳೆಯ ಕೆಲಸವನ್ನು ಎಣಿಸಿಕೊಳ್ಳಿರಿ, ಅದು ಎಷ್ಟೇ ಸಣ್ಣದಿರಲಿ. ಇದಕ್ಕೆ ಮುಹೂರ್ತ ಬೇಕಿಲ್ಲ, ದಕ್ಷಿಣೆ ಬೇಕಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು, ಒಬ್ಬರೇ ಕೂಡತೊಡಗಿದರೆ ಅದನ್ನು ಸೊಕ್ಕು ಎನ್ನಬೇಡಿರಿ, ದೆವ್ವ ಹಿಡಿದಿದೆ ಎಂದು ಹೊಡೆಯಬೇಡಿರಿ. ಮೈಗೆ ಜಡ್ಡು ಬರುವಂತೆ ಮನಸ್ಸಿಗೂ ಜಡ್ಡು ಬರುತ್ತದೆ. ಅವರನ್ನು ಒಬ್ಬರನ್ನೇ ಬಿಡದೆ ಡಾಕ್ಟರರ ಬಳಿಗೆ ಕರೆದುಕೊಂಡು ಹೋಗಿರಿ. ಹೋಗಲಾಗದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಿರಿ; ಖರ್ಚಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಮಠದ ಬಾಗಿಲೂ ತೆರೆದಿರುತ್ತದೆ. ದೇವರ ಮೇಲೆ ನಂಬಿಕೆ ಇಡುವುದಕ್ಕೂ ಔಷಧ ತೆಗೆದುಕೊಳ್ಳುವುದಕ್ಕೂ ಜಗಳವಿಲ್ಲ.

ಕಳೆದ ಬಾರಿ ಎಳ್ಳ ಅಮಾವಾಸ್ಯೆಗೆ ಆ ರೈತ ನಮ್ಮನ್ನು ತನ್ನ ಹೊಲಕ್ಕೆ ಕರೆದಿದ್ದ. ಹೋಗಿದ್ದೆವು. ಬೆಳೆ ಬಂಗಾರವಾಗಿತ್ತು ಎಂದು ನಾವು ಹೇಳುವುದಿಲ್ಲ, ಸಾಧಾರಣವಾಗಿತ್ತು. ಸಾಲವೂ ಪೂರ್ತಿ ತೀರಿರಲಿಲ್ಲ. ಆದರೆ ಬದುವಿನ ಮೇಲೆ ಒಂದು ಮಣ್ಣಿನ ಪರಿಯಾಣದಲ್ಲಿ ಹಕ್ಕಿಗೆಂದು ನೀರು ಇಟ್ಟಿದ್ದ. ನಮ್ಮ ಜೊತೆಗೆ ಮಠದ ಆ ಮುದುಕಿಯೂ ಬಂದಿದ್ದಳು. ಮೊದಲ ತುತ್ತಿನ ಚರಗವನ್ನು ಆತ ಆಕೆಯ ಕೈಗೆ ಕೊಟ್ಟ. "ನೀನೇ ಚೆಲ್ಲು ಅವ್ವಾ" ಎಂದ. ನಾವು ಪಕ್ಕದಲ್ಲಿ ನಿಂತು ನೋಡಿದೆವು. ಉಪದೇಶ ಮಾಡಬೇಕೆನಿಸಲಿಲ್ಲ. ಎಲ್ಲರೊಡನೆ ಕೂತು ಉಂಡೆವು.

ಸಕಲ ಭಕ್ತರಿಗೂ ಅಂಥದೊಂದು ತುತ್ತು, ಅಂಥದೊಂದು ಮಾತು, ಅಂಥದೊಂದು ಧೈರ್ಯ ಸದಾ ದೊರೆಯಲಿ. ಶಿವನು ಎಲ್ಲರಿಗೂ ಒಳಿತು ಮಾಡಲಿ.